ಬುಧವಾರದ ಸೊಸೆ

ಕಂಬಂ ಪೇಟೆಯಲ್ಲಿ ಬಸ್ಸಿನ ಮುಂದಿನ ಬಾಗಿಲಿಂದ ಸೊಸೆ ಇಳಿದಳು. ಹಿಂದಿನ ಬಾಗಿಲಿಂದ ಅತ್ತೆ ಇಳಿದಳು, ಸೆರಗನ್ನು ಮುಖಕ್ಕೆ ಎಳೆದುಕೊಂಡು.

ಪಳನಿಯಮ್ಮಾಳ್ ಹೀಗೆ ಕಳ್ಳಿಯ ಹಾಗೆ ಯಾರ ಬೆನ್ನೂ ಹತ್ತಿದವಳಲ್ಲ. ಆದರೆ ಮೂರು ತಿಂಗಳಿಂದ ಬುಧವಾರ ಬಂದರೆ ಸಾಕು, ಗೋಮತಿ ತಲೆ ಬಾಚಿಕೊಂಡು ಹೊರಡುತ್ತಾಳೆ. ಕೇಳಿದರೆ, "ಮಹಿಳಾ ಸಂಘ ಅತ್ತೆ" ಅನ್ನುತ್ತಾಳೆ. ಸಂಘ ಸೇರುವುದು ಶುಕ್ರವಾರ ಎಂದು ತಮ್ಮೂರು ಕಾಮಯಗೌಂಡನ್‌ಪಟ್ಟಿಯ ಕೋಳಿಗೂ ಗೊತ್ತು. ಮಗ ಶಕ್ತಿವೇಲ್ ಒಡ್ಡನ್‌ಛತ್ರಂನಿಂದ ತರಕಾರಿ ಲಾರಿ ಓಡಿಸುವವನು. ಅರ್ಧ ವಾರ ಮನೆಯಲ್ಲಿರುವುದಿಲ್ಲ. ಅವನ ಸಂಸಾರ ಒಡೆದರೆ?

ಅನುಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ಸೊಸೆ ಒಳ್ಳೆಯವಳಾಗಿಬಿಟ್ಟಿದ್ದಳು. ದಿಂಡಿಗಲ್‌ನಲ್ಲಿ ಅತ್ತೆಯ ಕರುಳಿನ ಹುಣ್ಣು ಕೊಯ್ದಾಗಲೂ ಮುಖ ಗಂಟಿಕ್ಕಿಕೊಂಡೇ ಇದ್ದವಳು, ಈಗ ಬಿಸಿನೀರು ಹಿಡಿದು ನಿಲ್ಲುತ್ತಾಳೆ. ಅತ್ತೆ ಆಸ್ಪತ್ರೆಯಲ್ಲಿ ಡ್ರಿಪ್ಸ್ ಹಾಕಿಸಿಕೊಂಡು ಬಂದ ವಾರ ತಣ್ಣನೆಯ ಚೊಂಬನ್ನೂ ಮುಟ್ಟಗೊಡುವುದಿಲ್ಲ. ಸುಡುಬಿಸಿಲಲ್ಲಿ ಕಾಲುಚೀಲ ತೊಡಿಸುತ್ತಾಳೆ! ಗಂಜಿ ಕಂಡರೆ ವಾಕರಿಸುತ್ತಿದ್ದ ಮುದುಕಿ ಈಗ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಳು. ಅದೂ ಅವಳಿಗೆ ಅನುಮಾನವೇ. ಅತಿ ವಿನಯಂ ಧೂರ್ತ ಲಕ್ಷಣಂ ಅಂತ ಸುಮ್ಮನೆ ಹೇಳಿದ್ದಾರೆಯೇ?

ಗೋಮತಿ ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದಳು. ಮೇಲಿನಿಂದ ಗಂಡಸಿನ ದನಿ ಕೇಳಿತು: "ಬಾಮ್ಮಾ ಗೋಮತಿ, ನಿಂಗೇ ಕಾಯ್ತಿದ್ವಿ."

ಪಳನಿಯಮ್ಮಾಳ್‌ಗೆ ಮೈ ಉರಿಯಿತು. ಮಂಡಿ ಹಿಡಿದುಕೊಂಡು ಹತ್ತಿ, ಅರೆತೆರೆದ ಬಾಗಿಲಲ್ಲಿ ಇಣುಕಿದಳು.

ಗಂಡಸರು ಹೆಂಗಸರು ಸೇರಿ ಹತ್ತಾರು ಮಂದಿ ಇದ್ದರು. ಕೆಲವರು ಕುರ್ಚಿಗಳಲ್ಲಿ, ಕೆಲವರು ಚಾಪೆಯ ಮೇಲೆ. ಗೋಡೆಯ ತಮಿಳು ಫಲಕವನ್ನು ಅವಳು ಅಕ್ಷರ ಕೂಡಿಸಿ ಓದಿದಳು: ಕ್ಯಾನ್ಸರ್ ಗೆಳೆಯರ ಕೂಟ.

ಚಾಪೆಯ ಮೇಲೆ ಗೋಮತಿ ಅಳುತ್ತಿದ್ದಳು. "ಮನೇಲಿ ಬಾಯಿ ಬುಡಕ್ಕಾಗ್ತಿಲ್ಲೆ. ಇಲ್ಲಿ ಬಂದಾಗ್ಲೇ ನಂಗೆ ಉಸುರು. ಅತ್ತೆಗೆ ಗೊತ್ತಾದ್ರೆ ತಾಳೋದಿಲ್ಲೆ."

ಮುದುಕಿ ಬಾಗಿಲು ತಳ್ಳಿದಳು. ಇಂಥ ಹೆಣ್ಣಿನ ಮೇಲೆ ಏನೆಲ್ಲ ಅಂದುಕೊಂಡೆನಲ್ಲ! ನಾಚಿಕೆಯೂ ದುಃಖವೂ ಒಟ್ಟಿಗೇ ಉಕ್ಕಿ ಬಂದವು. ನುಗ್ಗಿ ಹೋಗಿ ಸೊಸೆಯನ್ನು ಎದೆಗೆ ಅವುಚಿಕೊಂಡಳು.

"ಅಡಿಯೇ ಪೊಣ್ಣೆ, ನನ್ ಹೆಣ್ಣೇ, ಒಬ್ಳೇ ಹೊತ್ಕಂಡು ತಿರುಗ್ತಿದ್ಯಾ? ನಾನೇನ್ ಸತ್ತೋಗಿದ್ದೀನಾ? ಈ ಪಾಳಾದ ರೋಗ ನಂಗೆ ಬರ್ಲಿ ಸಾಮೀ, ಈ ಮಗೂಗೆ ಬ್ಯಾಡ!"

ಗೋಮತಿ ಅತ್ತೆಯ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಅಷ್ಟೆ.

ತಲೆಗೆ ಬಟ್ಟೆ ಸುತ್ತಿಕೊಂಡಿದ್ದ ನಾಗಮ್ಮಾಳ್ ಎಂಬವಳು ಕುರ್ಚಿಯಿಂದ ನಗುತ್ತಾ ಎದ್ದಳು. "ಅಂತೂ ಹೇಳಿ ಕರ್ಕೊಂಬಂದ್ಯಾ ಗೋಮತಿ?" ಎಂದು ಖಾಲಿ ಕುರ್ಚಿಯೊಂದನ್ನು ಎಳೆದು, ಮುದುಕಿಯ ಕೈ ಹಿಡಿದಳು.

"ಕೆಳಗೆ ಬ್ಯಾಡ, ಇಲ್ಲಿ ಕೂತ್ಕೊ ಅಕ್ಕಾ. ಚಾಪೆ ಮನೆಯೋರಿಗೆ, ಕುರ್ಚಿ ನಮ್ಮಂಥ ಕಾಯ್ಲೆಯೋರಿಗೆ."