ಒಂದೇ ಪದರ

ಮೊದಲ ಮೂಳೆ ಸಿಕ್ಕಿದ್ದು ಮೊಣಕೈ ಆಳದಲ್ಲಿ. ಚಂದ್ರಮೌಳಿಯವರು ಸುತ್ತ ನೋಡಿದರು. ಯಾರೂ ಗಮನಿಸಿರಲಿಲ್ಲ. ನೆಡಬೇಕಿದ್ದ ಕರಿಬೇವಿನ ಸಸಿಯನ್ನು ಪಕ್ಕಕ್ಕೆ ಸರಿಸಿ, ಜೇಬಿನಿಂದ ಬ್ರಷ್ ತೆಗೆದರು.

ಭಾವೀ ಅಳಿಯನ ಮನೆಗೆ ಊಟಕ್ಕೆ ಬರುವಾಗ ಯಾರಾದರೂ ಜೇಬಿನಲ್ಲಿ ಬ್ರಷ್ ಇಟ್ಟುಕೊಂಡು ಬರುತ್ತಾರೆಯೇ? ಚಂದ್ರಮೌಳಿ ಬರುತ್ತಾರೆ. ಅವರು ಪುರಾತತ್ತ್ವಜ್ಞರು. ಪ್ರತಿ ಚಳಿಗಾಲ ಒಮಾನಿನ ಕಡಲತೀರದ ಮರಳುಗಾಡಿಗೆ ಹೋಗಿ ನಾಲ್ಕು ಸಾವಿರ ವರ್ಷ ಹಿಂದಿನ ಊರುಗಳನ್ನೂ ಗೋರಿಗಳನ್ನೂ ಅಗೆಯುತ್ತಾರೆ. ಉಳಿದ ದಿನ ಆಸ್ಟ್ರೇಲಿಯಾದ ಪರ್ತಿನಲ್ಲಿ ಅದರ ಬಗ್ಗೆ ಮಾತಾಡುತ್ತಾರೆ.

“ಗೋರಿಯನ್ನು ನಂಬಬೇಡಿ. ನೆಂಟರು ಒಳ್ಳೊಳ್ಳೆ ಮಣಿ, ಮಡಕೆ ಆರಿಸಿ ಜೋಡಿಸಿರುತ್ತಾರೆ. ಗೋರಿಯಲ್ಲಿ ಎಲ್ಲರೂ ಸಜ್ಜನರೇ. ನಿಜ ಬೇಕಿದ್ದರೆ ಅದೇ ಊರಿನ ತಿಪ್ಪೆ ಅಗೆಯಿರಿ.” ಇದು ಅವರ ಖಾಯಂ ಭಾಷಣ. ಪರ್ತಿನ ಕನ್ನಡಿಗರಾದ ನಾವು ಇದನ್ನು ಎಷ್ಟೋ ಯುಗಾದಿಗಳಲ್ಲಿ ಕೇಳಿದ್ದೇವೆ. ಒಬ್ಬಟ್ಟು ಬೇಗ ಬರಲೆಂದು ಪ್ರತಿ ಸಲವೂ ಜೋರಾಗಿ ಚಪ್ಪಾಳೆ ತಟ್ಟಿದ್ದೇವೆ. ಮೀನುಗಾರರ ನಡುವೆ ಅಷ್ಟೂ ಚಳಿಗಾಲಗಳನ್ನು ಬರೀ ಮೊಸರನ್ನದಲ್ಲಿ ಕಳೆದೆ ಎಂದು ಅವರು ಹೆಂಡತಿ ರುಕ್ಮಿಣಿಯವರ ಕಡೆ ನೋಡಿ ಹೇಳುವಾಗ ಇನ್ನೊಂದು ಸುತ್ತು ತಟ್ಟುತ್ತೇವೆ.

ಮಗಳು ಕವನಾ ಮದುವೆಯಾಗಬೇಕೆಂದಿದ್ದ ಹುಡುಗ ಋತ್ವಿಕ್. ಗಣಿಯಲ್ಲಿ ಭೂವಿಜ್ಞಾನಿ. ಮೊಟ್ಟೆ ಮುಟ್ಟುವುದಿಲ್ಲ, ಕುಡಿಯುವುದಿಲ್ಲ, ಅಂಕಲ್ ಎನ್ನದೆ ಮಾತು ಶುರುಮಾಡುವುದಿಲ್ಲ. ಇಷ್ಟೊಂದು ಒಳ್ಳೆಯತನವನ್ನು ಚಂದ್ರಮೌಳಿಯವರು ಕಂಡಿದ್ದು ಗೋರಿಗಳಲ್ಲಿ ಮಾತ್ರ. ಆದರೆ ಮಗಳು ಬೇರೆ ಹೇಳಿಬಿಟ್ಟಿದ್ದಳು: “ಯು ಹ್ಯಾವ್ ಟು ಸೇ ಯೆಸ್, ಅಪ್ಪಾ. ಇಲ್ಲಾಂದ್ರೆ ಐ ವೋಂಟ್.” ಆ ಮಾತು ಕೇಳಿದ ದಿನದಿಂದ ಅವರಿಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ. ಒಬ್ಬಳೇ ಮಗಳು.

ಹಾಗಾಗಿ ಬೆಂಟ್ಲಿ ಬಡಾವಣೆಯ ಈ ಬಾಡಿಗೆ ಮನೆ, ಈ ಭಾನುವಾರ, ಈ ಕರಿಬೇವಿನ ಸಸಿ. “ನಾನೇ ನೆಡ್ತೀನಿ” ಎಂದು ಹಿತ್ತಿಲಿಗೆ ನುಗ್ಗಿದ್ದರು.

“ನೀವು ಓದ್ತಿದ್ದಾಗ ನಾವೂ ಈ ಕಡೆ ಎಲ್ಲೋ ಇದ್ವಲ್ಲ ರೀ?” ಎಂದು ರುಕ್ಮಿಣಿಯವರು ಕಾರಿನಲ್ಲಿ ಕೇಳಿದ್ದರು.

“ಪರ್ತಲ್ಲಿ ಓದಿದೋರೆಲ್ಲ ಬೆಂಟ್ಲಿಲಿ ಇದ್ದೋರೇ” ಎಂದು ಗಂಡ ಮಾತು ಮುಗಿಸಿದ್ದರು. ಬಂದಾಗಿನಿಂದ ಆಕೆ ಬೇಲಿ ಪಕ್ಕದ ಮುದಿ ನಿಂಬೆಮರವನ್ನೇ ನೋಡುತ್ತಿದ್ದರು. ಉಪ್ಪಿನಕಾಯಿಗೆ ಕಣ್ಣು ಹಾಕಿದ್ದಾಳೆ ಎಂದುಕೊಂಡಿದ್ದರು ಇವರು.

ಮೂಳೆ ಕೋಳಿಯದು. ಒಂದಲ್ಲ, ಒಂದು ರಾಶಿ. ಅದರ ಪಕ್ಕ ಎರಡು ಬಿಯರ್ ಸೀಸೆ, ಲೇಬಲ್ ಕರಗಿಹೋಗಿತ್ತು. ಎಷ್ಟು ಹಳೆಯವು? ಚಂದ್ರಮೌಳಿಯವರ ಕಾಲನಿರ್ಣಯ ನೂರು ವರ್ಷ ಆಚೀಚೆ. ಅದರೊಳಗಿನದೆಲ್ಲ ಅವರಿಗೆ ನಿನ್ನೆ ಮೊನ್ನೆಯದೇ.

ಕೊನೆಗೆ ಬ್ರಷ್ ತುದಿಗೆ ಏನೋ ಸಿಕ್ಕಿತು. ಮಗುವಿನ ಬೆಳ್ಳಿ ಗೆಜ್ಜೆ, ಒಂದೇ ಒಂದು.

“ಎಲ್ಲರೂ ಬನ್ನಿ ಇಲ್ಲಿ!”

ಋತ್ವಿಕ್ ಕೈಯಲ್ಲಿ ಜೋಳದ ತೆನೆ ಹಿಡಿದುಕೊಂಡೇ ಬಾರ್ಬೆಕ್ಯೂ ಒಲೆಯ ಮುಂದಿನಿಂದ ಓಡಿಬಂದ. ಹಿಂದೆ ಕವನಾ, ರುಕ್ಮಿಣಿ.

“ಎಷ್ಟು ವರ್ಷದಿಂದ ಇದೀಯಪ್ಪ ಈ ಮನೇಲಿ?”

“ಐದು ವರ್ಷ ಆಯ್ತು ಅಂಕಲ್. ಇದೆಲ್ಲ ನಂದಲ್ಲ. ಮುಂಚೆ ಇದ್ದೋರದಿರ್ಬೇಕು.”

“ಮುಂಚೆ ಇದ್ದೋರು ಐರಿಷ್‌ನೋರು ಅಂತ ನಾವು ಬಂದಾಗ ನೀನೇ ಹೇಳಿದ್ಯಲ್ಲ. ಅವರು ಮಗೂಗೆ ಗೆಜ್ಜೆ ಹಾಕ್ತಾರಾ?” ಚಂದ್ರಮೌಳಿ ಮಂಡಿಯ ಮಣ್ಣು ಕೊಡವಿ ಎದ್ದು ನಿಂತರು. ಭಾಷಣದ ದನಿ ತಾನಾಗಿ ಬಂತು. “ಒಂದೇ ಗುಂಡಿ, ಒಂದೇ ಪದರ. ಒಂದೇ ಪದರದ್ದು ಅಂದ್ರೆ ಒಂದೇ ಸಂಸಾರದ್ದು. ಇದರಲ್ಲಿ ನಾನು ಯಾವತ್ತೂ ತಪ್ಪಿಲ್ಲ. ಕಸದ ಬಿನ್ ಇರುವಾಗ ನೆಲದಲ್ಲಿ ಹೂತಿದ್ದಾನೆ. ಯಾಕೆ? ಮನೇಲಿ ಹೆಂಡತಿ ಇದ್ಲು, ಅವಳಿಗೆ ಹೆದರ್ತಿದ್ದ. ಹೂಳುವಾಗ ಮಗು ಕಂಕುಳಲ್ಲೇ ಇತ್ತು, ಗೆಜ್ಜೆ ಗುಂಡಿಗೆ ಜಾರಿದೆ. ಯಾಕೆ ಜಾರ್ತು? ಮುರಿದ ಕೊಂಡಿಗೆ ತಾಮ್ರದ ತಂತಿ ಸುತ್ತಿದ್ದಾನೆ. ನೋಡಿ, ಎಂಥ ಒಡ್ಡ ಕೈ! ಜಿಪುಣ ಬೇರೆ!”

ನಿಜ ಹೇಳಬೇಕೆಂದರೆ, ಅವರ ಇಡೀ ವೃತ್ತಿಜೀವನದಲ್ಲಿ ಇಷ್ಟು ಕರಾರುವಾಕ್ಕಾದ ವ್ಯಾಖ್ಯಾನ ಇನ್ನೊಂದಿಲ್ಲ.

“ಋತ್ವಿಕ್,” ಕವನಾ ಅವನ ಕಡೆ ತಿರುಗಿದಳು, “ಈಸ್ ದೇರ್ ಎ ಕಿಡ್?”

“ಇಲ್ಲ ಕವನಾ, ದೇವರಾಣೆ ಇಲ್ಲ.” ಹುಡುಗನ ಕೈಯಿಂದ ಜೋಳ ಕೆಳಗೆ ಬಿತ್ತು.

ಮಗಳ ಕಣ್ಣೀರು ನೋಡಿ ಚಂದ್ರಮೌಳಿಯವರ ಗೆದ್ದ ಖುಷಿ ಅರ್ಧಕ್ಕೇ ನಿಂತಿತು. ಆದರೂ ತಂದೆಯಾದವನು ಹೇಳಲೇಬೇಕಲ್ಲ. “ಈ ಮದುವೆ ಆಗಲ್ಲ” ಎಂದರು.

ರುಕ್ಮಿಣಿಯವರು ಗೆಜ್ಜೆಯನ್ನು ಕೈಗೆ ತೆಗೆದುಕೊಂಡು ಸೆರಗಿನಿಂದ ಒರೆಸಿದರು. ತಂತಿ ನೋಡಿದರು. ನಿಂಬೆಮರ ನೋಡಿದರು. ಗಂಡನನ್ನು ನೋಡಿದರು.

“ಅಳಬೇಡ ಕವನಾ. ಹುಡುಗಂದೇನೂ ತಪ್ಪಿಲ್ಲ” ಎಂದರು. “ನಿನ್ನನ್ನ ತೊಟ್ಟಿಲಿಗೆ ಹಾಕಿದಾಗ ಅಜ್ಜಿ ಕೊಟ್ಟ ಗೆಜ್ಜೆ ಇದು. ಇದರ ಜೋಡಿ ನನ್ನ ಬೀರುವಿನಲ್ಲಿದೆ. ಆಗ ನಾವು ಇಲ್ಲೇ ಹಳೇ ಶೀಟಿನ ಮನೇಲಿ ಇದ್ವಿ, ಈಗ ನಿಂಬೆಮರ ಒಂದೇ ಉಳಿದಿದೆ. ಆ ತಂತಿ ಸುತ್ತಿದ ಒಡ್ಡ ಕೈ ನಿಮ್ಮಪ್ಪಂದು.”

ಆಮೇಲೆ ಗಂಡನ ಕಡೆ ತಿರುಗಿದರು. “ಒಂದೇ ಪದರ, ಒಂದೇ ಸಂಸಾರ ಅಂದ್ರಲ್ಲ ರೀ. ಹಾಗಾದ್ರೆ ಆ ಕೋಳಿ ತಿಂದೋರು ಯಾರು?”