ಆಜೀವ ಸದಸ್ಯರು

ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ಸಂಘದಲ್ಲಿ ಎಲ್ಲರೂ ಆಜೀವ ಸದಸ್ಯರು. ಒಮ್ಮೆ ಚಂದಾ ಕೊಟ್ಟು ನಲವತ್ತು ವರ್ಷವಾಗಿತ್ತು. ಆ ಹಣ ಎಂದೋ ಕರಗಿತ್ತು. ಈಚೆಗೆ ಸದಸ್ಯರು ತೀರಿಕೊಂಡಾಗ ಮನೆಯವರು ಅವರ ನೆನಪಿಗೆ ಕೊಡುವ ದೇಣಿಗೆಯಿಂದಲೇ ಸಂಘ ಬಡ ಮಕ್ಕಳ ಫೀಸು ಕಟ್ಟುತ್ತಿತ್ತು.

"ಈ ವರ್ಷ ಒಂದೂ ದೇಣಿಗೆ ಬಂದಿಲ್ಲ," ಎಂದರು ಖಜಾಂಚಿ.

"ಯಾರೂ ಹೋಗಿಲ್ಲ ಅಂತ ಬೇಜಾರು ಮಾಡ್ಕೊಳ್ಳೋ ಹಾಗಾಯ್ತಲ್ರೀ," ಎಂದರು ಅಧ್ಯಕ್ಷರು. ಯಾರೂ ನಗಲಿಲ್ಲ. "ಮಕ್ಕಳಿಗೆ ಈ ಸಲ ಇಲ್ಲ ಅಂತ ಹೇಳಿಬಿಡೋಣ."

"ಹೇಳಬೇಡಿ. ಜೂನ್ ಹೊತ್ತಿಗೆ ಒಂದು ಬರುತ್ತೆ."

"ಯಾರ ಮನೆಯಿಂದ? ಖಾತ್ರಿನಾ?"

ಖಜಾಂಚಿ ತಾವು ಮುಟ್ಟದೆ ಬಿಟ್ಟಿದ್ದ ಬೋಂಡಾ ತಟ್ಟೆಯನ್ನು ಅಧ್ಯಕ್ಷರ ಕಡೆ ಸರಿಸಿದರು.

"ಮಗನಿಗೆ ಹೇಳಿಟ್ಟಿದ್ದೀನಿ. ನಾನು ಮೇ ದಾಟೋದು ಕಷ್ಟ ಅಂದಿದ್ದಾರೆ ಡಾಕ್ಟ್ರು."