ತೋಳಿನ ನೀಲಿ ಪಟ್ಟಿ

ತನ್ನ ಪ್ರಬಂಧದ ಬಗ್ಗೆ ಕೃಷಿ ಪತ್ರಿಕೆಯಿಂದ ಬಂದ ವಿಮರ್ಶೆಯ ಕೊನೆಯ ಸಾಲುಗಳನ್ನು ಓದಿ ಸುನಂದಾ ಹಳ್ಳಿಕೇರಿಗೆ ಮೈಯೆಲ್ಲ ಉರಿದುಹೋಯಿತು. ‘ಮೂರನೇ ಮಡಿಯ ಕುಸುಬೆ ಪೂರ್ತಿ ಒಣಗಿದ್ದನ್ನು ಲೇಖಕರು ಮುಚ್ಚಿಟ್ಟಿದ್ದಾರೆ. ಈ ಪ್ರಬಂಧ ಸ್ವೀಕಾರಕ್ಕೆ ಯೋಗ್ಯವಲ್ಲ.’

ಆ ಒಣಗಿದ ಗಿಡಗಳನ್ನು ಯಾರೂ ನೋಡುವ ಮೊದಲೇ ಅವಳು ಕೈಯಾರೆ ಕಿತ್ತುಹಾಕಿದ್ದಳು. ಹಾಗಾದರೆ ಸುದ್ದಿ ಹೊರಗೆ ಹೋದದ್ದು ಹೇಗೆ? ಅನುಮಾನ ನೇರವಾಗಿ ಪಕ್ಕದ ಕೋಣೆಯ ಚನ್ನವೀರ ಅಂಗಡಿಯ ಮೇಲೆ ಹೋಯಿತು. ಆ ಭಾಗದಲ್ಲಿ ಕುಸುಬೆಯನ್ನು ಬಲ್ಲ ವಿಜ್ಞಾನಿಗಳು ಅವಳೂ ಅವನೂ ಇಬ್ಬರೇ. ಲೇಖಕರ ಹೆಸರು ಅಳಿಸಿದ ಪ್ರಬಂಧವನ್ನು ಪತ್ರಿಕೆಯವರು ಇನ್ನಾರಿಗೆ ಕೊಟ್ಟಾರು?

“ನನ್ನ ಮೂರನೇ ಮಡಿ ಒಣಗಿದ್ದು ನಿಮಗ ಹೆಂಗ ಗೊತ್ತಾತ್ರಿ, ಅಂಗಡಿಯವರ?” ಎಂದು ಬಾಗಿಲಲ್ಲೇ ನಿಂತು ಕೇಳಿದಳು.

“ಆ ವಿಮರ್ಶೆ ನಾನ ಬರದಿದ್ರೂ ನನಗ ನೆನಪಿರೂದಿಲ್ಲಲ್ರಿ, ಮೇಡಂ,” ಎಂದು ಅವನು ನಕ್ಕ.

ಅದೂ ನಿಜವೇ. ವಿಮರ್ಶಕರು ಪತ್ರಿಕೆಯ ಕಚೇರಿಗೆ ಹೋಗಿ, ಓದಿ, ಬರೆದು, ತೋಳಿಗೆ ಮರೆವಿನ ಸೂಜಿ ಚುಚ್ಚಿಸಿಕೊಂಡು, ಓದಿದ್ದನ್ನೂ ಬರೆದದ್ದನ್ನೂ ಮರೆತು ಮನೆಗೆ ಬರುವುದು ಹಳೆಯ ರೂಢಿ. ಸೂಜಿಯ ಜಾಗಕ್ಕೆ ಅಂಟಿಸಿದ ನೀಲಿ ಪಟ್ಟಿ ಮಾತ್ರ ಒಂದು ತಿಂಗಳು ಬಿಡುತ್ತಿರಲಿಲ್ಲ.

“ತೋಳು ತೋರಸ್ರಿ.”

ಅವನು ಬೇಸರವಿಲ್ಲದೆ ಅಂಗಿಯ ಎರಡೂ ತೋಳು ಮಡಚಿ ತೋರಿಸಿದ. ಪಟ್ಟಿ ಇರಲಿಲ್ಲ.

“ಆ ಮಡಿ ಒಣಗಿದ್ದು ಮತ್ಯಾರಿಗೆ ಗೊತ್ತಿತ್ರಿ?” ಎಂದು ಅವನು ಕೇಳಿದ.

“ನನ್ನ ಬಿಟ್ರ ಯಾರಿಗೂ…” ಎಂದವಳು ಅಲ್ಲಿಗೇ ಮಾತು ನಿಲ್ಲಿಸಿದಳು. ಎರಡು ವಾರದ ಹಿಂದೆ ಅವಳೂ ಅದೇ ಪತ್ರಿಕೆಯ ಕಚೇರಿಗೆ ಹೋಗಿ ಯಾವುದೋ ಪ್ರಬಂಧ ನೋಡಿಕೊಟ್ಟು ಬಂದಿದ್ದಳು.

ಸುನಂದಾ ಮೆಲ್ಲಗೆ ಸೆರಗು ಎಳೆದುಕೊಂಡು ತನ್ನ ತೋಳಿನ ನೀಲಿ ಪಟ್ಟಿಯನ್ನು ಮುಚ್ಚಿಟ್ಟಳು.